ಕಸ್ತೂರಿಯನ್ನು ಇಳಿಸುವ ದನಿ

ನನ್ನ ದನಿ ಒರಟು. ಆಡು ಕಾಯುವವಳ ದನಿ ಎಂದು ನನ್ನ ಗಂಡ ಬದುಕಿದ್ದಾಗ ಹೇಳುತ್ತಿದ್ದ, ಆಡುಗಳೂ ಹೆದರಿ ದೂರ ಹೋಗುತ್ತವೆ ಎಂದು ಸೇರಿಸುತ್ತಿದ್ದ. ಅವನು ಸತ್ತ ಮೇಲೆ ತಮ್ಮ ಈರಬಸಪ್ಪನ ಮನೆಗೆ ಬಂದು ಬಿದ್ದೆ. ಆ ಮನೆಯಲ್ಲಿ ನನಗೆ ಉಣ್ಣಲು ಒಂದು ತಾಟು, ಹಿಟ್ಟಿನ ಗಿರಣಿಯ ಪಕ್ಕದ ಕೋಣೆಯಲ್ಲಿ ಮಲಗಲು ಒಂದು ಚಾಪೆ ಸಿಕ್ಕಿದ್ದು ಈ ಒರಟು ದನಿಯಿಂದಲೇ. ತಮ್ಮನ ಮಗಳು ಕಸ್ತೂರಿಯನ್ನು ತೊಟ್ಟಿಲಿಗೆ ಹಾಕಿದ ದಿನ ಅವಳ ಕಿವಿಯಲ್ಲಿ ಹೆಸರು ಹೇಳಿದವಳು ನಾನು. ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಊದುವುದು, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ಎಲ್ಲ ಕಡೆಯೂ ಇದೆ. ನಮ್ಮ ಊರಲ್ಲಿ ಗುದ್ದು ತಿಂದವಳ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ.

ಇಲ್ಲಿ ಯಾರ ಮೈ ಪೂರ್ತಿ ನೆಲ ಬಿಟ್ಟರೂ ಬಿಟ್ಟಲ್ಲೇ ನಿಲ್ಲುತ್ತದೆ. ಗೇಣೆತ್ತರ ಹಾರಿದವರು ಗೇಣೆತ್ತರದಲ್ಲಿ, ಆಳೆತ್ತರ ಹಾರಿದವರು ಆಳೆತ್ತರದಲ್ಲಿ. ಹೆಸರಿಟ್ಟವರು ಬಂದು ಹೆಸರು ಹಿಡಿದು ಇಳಿ ಬಾ ಎಂದರೆ ಇಳಿಯುತ್ತಾರೆ. ಬೇರೆಯವರು ಕರೆದರೆ ಇಲ್ಲ, ಹೆತ್ತವಳು ಕರೆದರೂ ಇಲ್ಲ. ಹಗ್ಗ ಹಾಕಿ ಎಳೆದರೆ ಎಳೆದವರ ರಟ್ಟೆಯ ಕೀಲು ತಪ್ಪೀತು, ಮೇಲಿದ್ದವರು ಅಲುಗುವುದಿಲ್ಲ. ಅದಕ್ಕೇ ನಮ್ಮ ಊರಲ್ಲಿ ಓಡುವವರಿಲ್ಲ, ಬಿರುಸಾಗಿ ನಡೆಯುತ್ತಾರೆ. ಮದುವೆಗಳಲ್ಲಿ ಮದುಮಗಳ ಸೀರೆಗಿಂತ ಅವಳಿಗೆ ಹೆಸರಿಟ್ಟ ಸೋದರತ್ತೆಗೆ ಉಡಿಸುವ ಸೀರೆಯ ಮೇಲೆ ಹೆಚ್ಚು ಜಗಳ ನಡೆಯುತ್ತವೆ. ಅತ್ತೆ ಮುನಿಸಿಕೊಂಡು ಹೋದ ಮನೆಯ ಮಕ್ಕಳು ಹೊಸ್ತಿಲು ದಾಟುವಾಗಲೂ ಗೋಡೆ ಹಿಡಿಯುತ್ತವೆ.

ಹೆಸರಿಟ್ಟವರು ಸತ್ತರೆ ಮುಗಿಯಿತು, ಸಾಯುವತನಕ ನೆಲ ಬಿಡುವಂತಿಲ್ಲ. ಅಂಥವರಿಗೆ ನೆಲದವರು ಎನ್ನುತ್ತಾರೆ. ನೆಲದವರು ಕಾಲೆತ್ತುವುದಿಲ್ಲ, ಎಳೆಯುತ್ತಾರೆ. ಮುಖ ನೋಡದೆಯೇ ಚಪ್ಪಲಿಯ ಸಪ್ಪಳದಿಂದ ಗುರುತು ಹತ್ತುತ್ತದೆ. ನಾನೂ ನೆಲದವಳೇ. ನನಗೆ ಹೆಸರಿಟ್ಟ ಅತ್ತೆ ನಾನು ಇಲ್ಲಿಯ ಶಾಲೆಯಲ್ಲಿ ಏಳನೆಯ ಇಯತ್ತೆ ಓದುವಾಗ ಹೋದಳು. ಅವಳನ್ನು ಮಣ್ಣು ಮಾಡಿ ಬಂದ ಮಂದಿ ನನಗೆ ಮಾಡಿದ ಸಮಾಧಾನವೆಂದರೆ, ಅಟ್ಟದ ಮೇಲಿಂದ ತೂಕದ ಒಂದು ಜೊತೆ ಚಪ್ಪಲಿ ತೆಗೆದುಕೊಟ್ಟರು.

ಹತ್ತಿ ಪೇಟೆಯಲ್ಲಿ ತೂಕದ ಕಾಟಾದ ಮೇಲೆ ಹಮಾಲ ಬಾಳಪ್ಪ ಇವತ್ತಿಗೂ ಗಾಳಿಯಲ್ಲೇ ನಿಂತಿದ್ದಾನೆ. ಹತ್ತಿಯ ಒಂದು ಅಂಡಿಗೆಯಿಂದ ಇನ್ನೊಂದು ಅಂಡಿಗೆಗೆ ಹಾರಿದ ಗಳಿಗೆಯಲ್ಲೇ ಮನೆಯಲ್ಲಿ ಅವನಿಗೆ ಹೆಸರಿಟ್ಟ ಅತ್ತೆಯ ಜೀವ ಹೋಗಿತ್ತು. ಹೆಂಡತಿ ಏಣಿ ಹಚ್ಚಿ ಉಣಿಸುತ್ತಾಳೆ, ಅಲುಗುವವನಲ್ಲ ಎಂದು ಗೊತ್ತಿದ್ದರೂ ಗಾಳಿಗಾಲದಲ್ಲಿ ಅವನ ಸೊಂಟಕ್ಕೆ ಹಗ್ಗ ಬಿಗಿದು ಕಂಬಕ್ಕೆ ಕಟ್ಟುತ್ತಾಳೆ. ವ್ಯಾಪಾರಿಗಳು ಅವನ ನೆರಳಿನಲ್ಲಿ ನಿಂತು ದರ ಮಾತಾಡುತ್ತಾರೆ.

ಇಂಥ ಊರಿನ ಶಾಲೆಗೆ, ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಕಲಿಸಿರಿ ಎಂದು ಮೇಲಿನಿಂದ ಹುಕುಂ ಬಂತು. ಹುಕುಮಿನ ಹಿಂದೆಯೇ ಒಂದು ಲಾರಿಯಲ್ಲಿ ದೊಡ್ಡ ಟಿ.ವಿ., ಸೀಡಿ ಹಾಕುವ ಪೆಟ್ಟಿಗೆ, ಎರಡು ಸ್ಪೀಕರ್, ಹತ್ತಿ ತುಂಬಿದ ಗಾದಿಗಳು ಬಂದವು. ಸೀಡಿಯಲ್ಲಿ ಯಾವುದೋ ದೇಶದ ಹುಡುಗಿಯರು ಬಿಗಿ ಅಂಗಿ ತೊಟ್ಟು ಲಾಗ ಹಾಕುತ್ತಿದ್ದರು. ಅದನ್ನು ತೋರಿಸಿ, ನಿಲ್ಲಿಸಿ, ಮತ್ತೆ ತೋರಿಸಿ ಕಲಿಸಬೇಕಂತೆ. ಹುಕುಂ ಬರೆದವನು ನಮ್ಮ ಊರು ನೋಡಿದವನಲ್ಲ. ಡ್ರಿಲ್ ಮಾಸ್ತರ ಕುಬೇರಪ್ಪ ನಮ್ಮವನೇ, ಹೊಟ್ಟೆ ಬಂದ ಮನುಷ್ಯ, ಕೊರಳಲ್ಲಿ ಸೀಟಿ. ಅಲ್ಲಿಯತನಕ ಮಕ್ಕಳಿಗೆ ಕೈ ಮೇಲೆ ಕೈ ಕೆಳಗೆ ಮಾಡಿಸಿದ್ದು ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಅವನು ಒಂದು ವಾರ ತಲೆ ಕೆರೆದುಕೊಂಡು, ಕೊನೆಗೆ ಓಣಿ ಓಣಿ ತಿರುಗಿ ಅತ್ತೆಯರನ್ನೆಲ್ಲ ಶಾಲೆಗೆ ಬನ್ನಿ ಎಂದು ಕರೆದ.

ಹೋದೆವು. ಗೋಡೆಯುದ್ದಕ್ಕೂ ಸಾಲಾಗಿ ಕೂತು, ಮೊರ ತಂದವರು ಅಕ್ಕಿ ಆರಿಸುತ್ತ, ಇಲ್ಲದವರು ಬೇರೆಯವರ ಮನೆಯ ಸುದ್ದಿ ಆರಿಸುತ್ತ, ನಮ್ಮ ನಮ್ಮ ಮಕ್ಕಳು ಮೇಲೆ ಹೋದಾಗ ತಲೆಯೆತ್ತಿ ಕರೆದು ಇಳಿಸುತ್ತಿದ್ದೆವು. ಅಷ್ಟು ಜನ ಅತ್ತೆಯರು ಒಂದು ಸೂರಿನ ಕೆಳಗೆ ಕೂತರೆ ಸಂತೆಯೇ. ನಿನ್ನ ಹುಡುಗ ಹಪ್ಪಳದ ಹಾಗೆ ತೇಲುತ್ತಾನೆ ಎಂದು ಒಬ್ಬಳು, ನಿನ್ನದು ಕುಂಬಳಕಾಯಿ, ಮೇಲೆ ಹೋಗುವುದೇ ಇಲ್ಲ, ನೀನ್ಯಾಕೆ ಬಂದೆ ಎಂದು ಇನ್ನೊಬ್ಬಳು.

ಆದರೆ ಕುಬೇರಪ್ಪನಿಗೆ ಒಂದು ಹೊಳೆಯಿತು, ಹೊಳೆದದ್ದು ಸಣ್ಣದಲ್ಲ. ಟಿ.ವಿ.ಯಲ್ಲಿ ಲಾಗದ ನಡುವೆ ಆ ಹುಡುಗಿಯನ್ನು ನಿಲ್ಲಿಸುತ್ತಿದ್ದ. ಇಲ್ಲಿ ನಮ್ಮ ಮಗು ಲಾಗದ ನಡುವೆ ತಾನಾಗಿಯೇ ನಿಂತಿರುತ್ತಿತ್ತು. ಒಂದು ಕೋಲು ಹಿಡಿದು ಅದನ್ನು ನೋಡುತ್ತ ಇದನ್ನು ತಿದ್ದುತ್ತಿದ್ದ. ಮಂಡಿ ಇನ್ನಷ್ಟು ಎದೆಗೆ ತಾ, ಗದ್ದ ಒಳಗೆ, ಬೆರಳು ಚೂಪು ಮಾಡು. ಮೇಲಿದ್ದ ಮಗು ಮೆಲ್ಲಗೆ ಮಂಡಿ ಮಡಚುತ್ತಿತ್ತು. ಸರಿಯಾಯಿತು ಎಂದಾಗ ಅವನು ಸೀಟಿ ಊದುವನು, ಅತ್ತೆ ಕರೆಯುವಳು, ಮಗು ಉಳಿದರ್ಧ ಲಾಗ ಮುಗಿಸಿ ಗಾದಿಗೆ ಇಳಿಯುವುದು. ಬೇರೆ ಊರಿನ ಮಕ್ಕಳು ಬಿದ್ದೂ ಬಿದ್ದೂ ಕಲಿಯುವುದನ್ನು ನಮ್ಮವು ಗಾಳಿಯಲ್ಲಿ ನಿಂತು ಕಲಿತವು.

ಎಲ್ಲರಿಗಿಂತ ಚೆನ್ನಾಗಿ ಕಲಿತವಳು ನಮ್ಮ ಕಸ್ತೂರಿ. ಕಡ್ಡಿಯಂಥ ಹುಡುಗಿ, ಮನೆಯಲ್ಲಿ ಒಂದು ಮಾತು ಆಡಿದರೆ ಹೆಚ್ಚು. ಗಾದಿಯ ಅಂಚಿನಲ್ಲಿ ನಿಂತು ಎರಡು ಕೈ ಬೀಸಿ ಎದ್ದಳೆಂದರೆ ತೊಲೆಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಬೇರೆ ಮಕ್ಕಳು ಮೇಲೆ ನಿಂತಾಗ ಕಣ್ಣು ಮುಚ್ಚುತ್ತವೆ, ಇಲ್ಲ ಅತ್ತೆಯನ್ನೇ ನೋಡುತ್ತವೆ. ಇವಳು ಕಿಟಕಿಯ ಮೇಲಿನ ಗವಾಕ್ಷಿಯಿಂದ ಹೊರಗೆ ನೋಡುತ್ತಿದ್ದಳು. ಏನು ಕಾಣುತ್ತದೆ ಎಂದು ಕೇಳಿದರೆ, ನಮ್ಮ ಗಿರಣಿಯ ತಗಡು, ಅದರ ಮೇಲೆ ಹಿಟ್ಟು ಕೂತಿದೆ ಎಂದಳು ಒಮ್ಮೆ. ನಾನು ಆ ತಗಡಿನ ಕೆಳಗೆ ಮಲಗುವವಳು. ಅದರ ಮೇಲೆ ಹಿಟ್ಟು ಕೂತಿದೆ ಎಂದು ನನಗೆ ಆವತ್ತು ತಿಳಿಯಿತು.

ಕರೆಯಲ್ಲೂ ಕರೆ ಇರುತ್ತದೆ. ಸಮಾಧಾನದಿಂದ ಕರೆದರೆ ಮಗು ಹತ್ತಿಯ ಹಾಗೆ ಇಳಿಯುತ್ತದೆ, ಸಿಟ್ಟಿನಿಂದ ಕರೆದರೆ ಕಲ್ಲಿನ ಹಾಗೆ. ನನಗೆ ಸಿಟ್ಟಿಲ್ಲದ ದಿನ ಕಡಿಮೆ. ತಮ್ಮನ ಹೆಂಡತಿ ಫಕೀರವ್ವ ಬಾಯಿ ಬಿಟ್ಟು ಏನೂ ಅನ್ನುವವಳಲ್ಲ. ನಾನು ರೊಟ್ಟಿಗೆ ಎಣ್ಣೆ ಹಚ್ಚಿಕೊಂಡರೆ ಎಣ್ಣೆಯ ಗಿಂಡಿಯನ್ನು ಬೆಳಕಿಗೆ ಹಿಡಿದು ನೋಡಿ ಒಳಗಿಡುತ್ತಾಳೆ, ಅಷ್ಟೇ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಹಾಗೆ ಗಿಂಡಿ ನೋಡಿದ ಒಂದು ದಿನ ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡು ಶಾಲೆಗೆ ಹೋದೆ. ಕಸ್ತೂರಿ ತೊಲೆಯ ಹತ್ತಿರ ಇದ್ದಳು. ಕರೆದೆ. ಗಾದಿ ದಾಟಿ ಕಲ್ಲಿನ ನೆಲಕ್ಕೆ ಬಿದ್ದಳು. ಕಾಲಿನ ಗೆಣ್ಣು ಬದನೆಕಾಯಿಯ ಹಾಗೆ ಊದಿಕೊಂಡಿತು. ಅವಳು ಅಳಲಿಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು.

ಕುಬೇರಪ್ಪ ಅವಳ ಕಾಲಿಗೆ ಬಟ್ಟೆ ಸುತ್ತುತ್ತ ನನ್ನ ಕಡೆ ನೋಡದೆಯೇ ಕೇಳಿದ.

"ದ್ಯಾಮವ್ವಾರ, ನೀವು ಹುಡುಗೀನ್ನ ಕರೀತೀರೋ, ಬೈತೀರೋ?"

"ನನ್ನ ದನೀನ ಹಂಗೈತಿ. ಕುತ್ತಿಗಿ ಕೊಯ್ಕೊಳ್ಳಲೇನು?" ಎಂದೆ.

ಅವನು ಬಟ್ಟೆಯ ಗಂಟು ಬಿಗಿದ. ಮರುದಿನ ಮದುವೆಗಳಲ್ಲಿ ಶೂಟಿಂಗ್ ಮಾಡುವ ಅಂಗಡಿಯಿಂದ ಕ್ಯಾಮರಾ ತರಿಸಿದ. ಟಿ.ವಿ.ಯ ಹುಡುಗಿ ಸಾವಿರ ಸಲ ಹಾಕಿದರೂ ಅದೇ ಲಾಗ, ಒಂದು ಕೂದಲೂ ಆಚೀಚೆ ಇಲ್ಲ. ಹಾಗೆಯೇ ಪ್ರತಿಯೊಬ್ಬ ಅತ್ತೆಯ ಒಂದು ಚಂದದ ಕರೆಯನ್ನು ಹಿಡಿದಿಟ್ಟರೆ ಮಕ್ಕಳು ದಿನಾ ಒಂದೇ ತರಹ ಇಳಿಯುತ್ತವೆ ಎಂದು ಅವನ ಲೆಕ್ಕ. ನಗುತ್ತ ಹೆಂಗಸರು ಒಬ್ಬೊಬ್ಬರಾಗಿ ಕುರ್ಚಿಯ ಮೇಲೆ ಕೂತರು, ತಲೆ ಬಾಚಿಕೊಂಡು ಬಂದವರೂ ಇದ್ದರು. ನನ್ನ ಸರದಿ ಬಂದಾಗ ನಗೆ ಜೋರಾಯಿತು. ಮೊದಲ ಸಲ ಕರೆದದ್ದನ್ನು ಕುಬೇರಪ್ಪ ತಿರುಗಿಸಿ ಹಾಕಿ ಕೇಳಿಸಿದ. ಸಾಲ ವಸೂಲಿಗೆ ಬಂದವಳ ಹಾಗಿತ್ತು. ತೊಟ್ಟಿಲ ದಿನ ನೆನೆಸಿಕೊಳ್ಳಿ ಎಂದ. ನೆನೆಸಿಕೊಂಡರೆ ಬೆನ್ನಿಗೆ ಬಿದ್ದ ಗುದ್ದು ನೆನಪಾಗಿ ಇನ್ನೂ ಒರಟಾಯಿತು. ಮಗುವನ್ನು ಕಂದಾ ಅನ್ನಿ ಎಂದ. ಅಂದೆ. ಯಾರನ್ನೋ ಜಗಳಕ್ಕೆ ಕರೆದ ಹಾಗೆ ಕೇಳಿಸಿತು. ಎದ್ದು ಹೋಗುವುದರಲ್ಲಿದ್ದೆ.

ಆಗ ಕಸ್ತೂರಿ ಕುಂಟುತ್ತ ಬಂದು ನನ್ನ ಕಾಲ ಬುಡದಲ್ಲಿ, ಕ್ಯಾಮರಾಕ್ಕೆ ಕಾಣದ ಹಾಗೆ ಕೂತಳು. ನನ್ನ ಸೀರೆಯ ಅಂಚಿಗೆ ದಾರಿಯ ಹುಲ್ಲಿನ ಮುಳ್ಳು ಹತ್ತಿಕೊಂಡಿದ್ದವು. ನೆಲದವರ ಸೀರೆಯ ಅಂಚು ಯಾವಾಗಲೂ ಹಾಗೇ. ಅವುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು, ಯಾರೂ ಹೇಳದೆ. ನಾನು ಕೆಳಗೆ ನೋಡಿದೆ. ಅವಳ ಬೈತಲೆಯಲ್ಲಿ ಹಿಟ್ಟಿನ ಧೂಳು ಇತ್ತು. ಬಾಯಿಂದ ಅದೇನು ಬಂತೋ, ಕುಬೇರಪ್ಪ ಕೈ ಎತ್ತಿ ಸಾಕು ಎಂದ. ತಿರುಗಿಸಿ ಹಾಕಿದ. ಕಸ್ತೂರೀ, ಇಳಿ ಬಾ ಕಂದಾ. ಹೆಂಗಸರು ನಗುವುದನ್ನು ನಿಲ್ಲಿಸಿದರು. ಆ ದನಿ ನನಗೆ ಪರಿಚಯವಿರಲಿಲ್ಲ.

ಗೆಣ್ಣು ವಾಸಿಯಾದ ಮೇಲೆ ಕಸ್ತೂರಿಯೇ ಎಲ್ಲರಿಗಿಂತ ಮೊದಲು ಹಾರಿದಳು. ಟಿ.ವಿ.ಯಲ್ಲಿ ನನ್ನ ಮುಖ ಬಂತು, ಸ್ಪೀಕರಿನಲ್ಲಿ ಆ ಕರೆ ಬಂತು. ಅವಳು ಒಂದು ಗರಿ ಇಳಿಯುವ ಹಾಗೆ ಇಳಿದು, ಎರಡೂ ಪಾದ ಜೋಡಿಸಿ ನಿಂತಳು. ಗಾದಿಯ ಮೇಲೆ ಸುಕ್ಕೂ ಬೀಳಲಿಲ್ಲ. ವಾರದೊಳಗೆ ಅತ್ತೆಯರಿಗೆಲ್ಲ ಇನ್ನು ಬರುವುದು ಬೇಡ ಎಂದು ಹೇಳಿ ಕಳಿಸಿದರು. ಪೀಡೆ ತಪ್ಪಿತು ಎಂದು ಮೊರ ಎತ್ತಿಕೊಂಡು ಹೋದವರೇ ಹೆಚ್ಚು. ನಾನೂ ಹೋದೆ. ದಾರಿಯಲ್ಲಿ ಚಪ್ಪಲಿಯ ಸಪ್ಪಳ ಎಂದಿಗಿಂತ ದೊಡ್ಡದಾಗಿ ಕೇಳಿಸಿತು.

ಆಮೇಲೆ ಒಂದು ಸಂಜೆ ಶಾಲೆಯಿಂದ ಬರುತ್ತಿದ್ದ ಕಸ್ತೂರಿ ಮನೆಯ ಮುಂದಿನ ಗಟಾರ ದಾಟುವಾಗ, ಹಾಸುಗಲ್ಲು ಒಡೆದಿದ್ದರಿಂದ, ಚಂಗನೆ ಹಾರಿದಳು. ಅಭ್ಯಾಸದ ಮೈ, ಬಾಗಿಲ ತೋರಣಕ್ಕಿಂತ ಮೇಲೆ ಹೋಗಿ ನಿಂತಿತು. ಅದರಲ್ಲಿ ಗಾಬರಿಯಾಗುವಂಥದ್ದು ಇರಲಿಲ್ಲ. ಫಕೀರವ್ವ ಒಳಗಿನಿಂದಲೇ ನನ್ನನ್ನು ಕೂಗಿದಳು. ಕೈ ಒರೆಸಿಕೊಳ್ಳುತ್ತ ಬಂದು ಕರೆದೆ. ಕಸ್ತೂರಿ ಇಳಿಯಲಿಲ್ಲ. ಮತ್ತೆ ಕರೆದೆ. ಅವಳ ಲಂಗದ ಅಂಚು ಗಾಳಿಗೆ ಅಲುಗಿತು, ಅವಳು ಅಲುಗಲಿಲ್ಲ. ಓಣಿಯ ಮಂದಿ ಕೂಡಿದರು. ಹೆಸರಿಟ್ಟವಳು ಬದುಕಿದ್ದಾಳೆ, ಎದುರಿಗೇ ನಿಂತಿದ್ದಾಳೆ, ಕರೆಯುತ್ತಿದ್ದಾಳೆ, ಮಗು ಇಳಿಯುತ್ತಿಲ್ಲ. ಇಂಥದ್ದನ್ನು ನಮ್ಮ ಊರು ನೋಡಿರಲಿಲ್ಲ.

"ಚಂದಾಗಿ ಕರೀರಿ ಅಕ್ಕಾರ," ಎಂದಳು ಫಕೀರವ್ವ. "ಪೆಟ್ಟಿಗ್ಯಾಗ ಕರದಂಗ ಕರೀರಿ."

ಚಂದಾಗಿ ಕರಿ ಎಂದರೆ ಬರುತ್ತದೆಯೇ. ಕಿರುಚಿದೆ. ಕೊನೆಗೆ ಗಂಟಲು ಒಡೆಯಿತು. ಕಸ್ತೂರಿ ಮೇಲಿನಿಂದ ಸಣ್ಣಗೆ, "ಅತ್ತಿ, ಕಾಲು ಜೋಮು ಹಿಡದಾವ," ಎಂದಳು.

ಈರಬಸಪ್ಪ ಗಿರಣಿ ನಿಲ್ಲಿಸಿ ಶಾಲೆಗೆ ಹೋಗಿ, ಬಾಳೆಹಣ್ಣು ಮಾರುವವನ ತಳ್ಳುಗಾಡಿಯಲ್ಲಿ ಟಿ.ವಿ.ಯನ್ನೂ ಪೆಟ್ಟಿಗೆಯನ್ನೂ ಹೇರಿಕೊಂಡು ಬಂದ. ಹಿಂದೆ ಕುಬೇರಪ್ಪ ಸ್ಪೀಕರ್ ಹೊತ್ತಿದ್ದ. ಎದುರು ಮನೆಯಿಂದ ವೈರು ಎಳೆದು ಹಚ್ಚಿದರು. ಬಾಳೆಗೊನೆಗಳ ನಡುವೆ ನನ್ನ ಮುಖ ಮೂಡಿತು. ಕಸ್ತೂರೀ, ಇಳಿ ಬಾ ಕಂದಾ ಎಂದಿತು. ಹುಡುಗಿ ಗರಿಯ ಹಾಗೆ ಇಳಿದು, ಟಿ.ವಿ.ಯ ಮುಂದೆ ನಿಂತಳು, ನನ್ನ ಮುಂದೆ ಅಲ್ಲ. ಮಂದಿ ಒಮ್ಮೆ ಗಾಡಿಯ ಮೇಲಿನ ನನ್ನನ್ನು, ಒಮ್ಮೆ ಗಟಾರದ ಪಕ್ಕ ನಿಂತ ನನ್ನನ್ನು ನೋಡಿದರು. ಬಾಳೆಹಣ್ಣಿನವನು ತನ್ನ ಗಾಡಿ ಬೇಗ ಬಿಟ್ಟುಕೊಡಿ ಎಂದ.

ಅಂದಿನಿಂದ ಮನೆಯಲ್ಲಿ ನನಗೆ ತಾಟು ಇಡುವುದು ತಡವಾಯಿತು. ಎಲ್ಲರದೂ ಆದ ಮೇಲೆ, ಏನಾದರೂ ಉಳಿದ ಮೇಲೆ. ನನ್ನ ತೀರಿಹೋದ ಗಂಡನ ತಮ್ಮ ಇಟ್ಟಂಗಿ ಭಟ್ಟಿಯ ಹತ್ತಿರ ಇರುತ್ತಾನೆ, ಅವನ ಹೆಂಡತಿಗೆ ಆಳು ಸಿಗುತ್ತಿಲ್ಲವಂತೆ ಎಂದು ಫಕೀರವ್ವ ಗೋಡೆಗೆ ಹೇಳುವ ಹಾಗೆ ಹೇಳಿದಳು. ತಮ್ಮ ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಶಾಲೆಯಲ್ಲಿ ದೊಡ್ಡ ಪ್ರದರ್ಶನ ಇದೆ, ದೊಡ್ಡ ಸಾಹೇಬರು ಬರುತ್ತಾರೆ, ಅದೊಂದು ಮುಗಿಯಲಿ ಎಂದ. ಮುಗಿದ ಮೇಲೆ ಏನು ಎಂದು ನಾನು ಕೇಳಲಿಲ್ಲ. ಇಟ್ಟಂಗಿ ಭಟ್ಟಿಯ ಬೂದಿ ನನಗೆ ಗೊತ್ತು. ಅದನ್ನು ತಡೆದುಕೊಂಡೇನು ಎಂದರೂ, ಕಸ್ತೂರಿ ಊರಲ್ಲಿ ಹಾರುವುದು, ನಾನು ಭಟ್ಟಿಯಲ್ಲಿ ಕೂತು ಅದರ ಸುದ್ದಿ ಕೇಳುವುದು, ಇದು ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಮರುದಿನ ಶಾಲೆಗೆ ಹೋಗಿ ಕುಬೇರಪ್ಪನ ಮುಂದೆ ನಿಂತೆ. ಮಕ್ಕಳಿಗೆ ಲಾಗ ಕಲಿಸುತ್ತೀಯಲ್ಲ, ನನಗೆ ನನ್ನ ಕರೆ ಕಲಿಸು ಎಂದೆ. ಅವನು ನಗಬೇಕೋ ಅಳಬೇಕೋ ತಿಳಿಯದೆ ಸೀಟಿಯನ್ನು ಬಾಯಲ್ಲಿಟ್ಟುಕೊಂಡ. ಆಮೇಲೆ, ಮಕ್ಕಳ ಜೊತೆ ಕೂತ್ಕೊಳ್ಳಿ ಎಂದ. ನೆಲದ ಮೇಲೆ ಮಕ್ಕಳ ನಡುವೆ ಕೂತೆ. ಹೊಸ ಹುಡುಗಿ ಬಂದಳು, ಇವಳ ಕೂದಲು ಬೆಳ್ಳಗಾಗಿವೆ ಎಂದು ಒಂದು ಪುಟ್ಟ ಹುಡುಗಿ ಪಿಸುಗುಟ್ಟಿತು. ಅದರ ಕಿವಿ ಹಿಂಡಿದೆ.

ಕುಬೇರಪ್ಪ ಲಾಗ ಕಲಿಸುವ ಹಾಗೆಯೇ ಕಲಿಸಿದ. ನನ್ನ ಮುಖವನ್ನು ಪರದೆಯ ಮೇಲೆ ನಿಲ್ಲಿಸಿ, ಇಲ್ಲಿ ನೋಡಿ, ಇಲ್ಲಿ ನಿಮ್ಮ ಹುಬ್ಬು ಸಡಿಲಾಗಿದೆ, ಇಲ್ಲಿ ಉಸಿರು ಬಿಟ್ಟಿದ್ದೀರಿ, ರೀ ಅನ್ನುವುದನ್ನು ಎಳೆದಿದ್ದೀರಿ, ಕಡಿದಿಲ್ಲ ಎಂದು ಕೋಲಿನಿಂದ ತೋರಿಸಿದ. ನಾನು ಹುಬ್ಬು ಸಡಿಲು ಮಾಡಿದರೆ ಉಸಿರು ಬಿಗಿಯುತ್ತಿತ್ತು. ಉಸಿರು ಬಿಟ್ಟರೆ ಕಂದಾ ಎನ್ನುವುದು ಮರೆಯುತ್ತಿತ್ತು. ದಿನವೂ ಹೋದೆ. ಪರದೆಯ ಮೇಲಿನ ಹೆಂಗಸನ್ನು ನೋಡಿ ನೋಡಿ ನನಗೆ ಅವಳ ಮೇಲೆ ಹೊಟ್ಟೆಕಿಚ್ಚು ಶುರುವಾಯಿತು. ಅವಳಿಗೆ ಬೈದವರಿಲ್ಲ, ಎಣ್ಣೆಯ ಗಿಂಡಿ ಎತ್ತಿ ನೋಡಿದವರಿಲ್ಲ. ಒಂದು ದಿನ ಕಣ್ಣಿಗೆ ಬಿತ್ತು, ಅವಳು ಕೆಳಗೆ ನೋಡುತ್ತಿದ್ದಾಳೆ. ಲೋಕದ ಅತ್ತೆಯರೆಲ್ಲ ತಲೆಯೆತ್ತಿ ಕರೆಯುತ್ತಾರೆ, ಇವಳು ತಲೆ ತಗ್ಗಿಸಿ ತನ್ನ ಕಾಲ ಬುಡವನ್ನು ನೋಡಿ ಕರೆಯುತ್ತಿದ್ದಾಳೆ. ಅಲ್ಲಿ ಏನಿದೆ ಎಂದು ಪರದೆಯಲ್ಲಿ ಕಾಣುವುದಿಲ್ಲ. ನನಗೆ ಗೊತ್ತಿತ್ತು.

ಮನೆಗೆ ಬಂದು ಗಿರಣಿಯ ಸದ್ದಿನ ಮರೆಯಲ್ಲಿ, ಕಾಲ ಬುಡ ನೋಡಿಕೊಂಡು, ಅಲ್ಲಿ ಅವಳ ಬೈತಲೆ ಇದೆ ಎಂದು ಎಣಿಸಿ ಕರೆದು ನೋಡಿದೆ. ಕೆಲವು ಸಲ ಬಂದ ಹಾಗಾಯಿತು, ಕೆಲವು ಸಲ ಇಲ್ಲ. ನನ್ನ ಕಿವಿಯನ್ನು ನಾನು ನಂಬುವ ಹಾಗಿರಲಿಲ್ಲ. ಕಸ್ತೂರಿಯನ್ನು ಹಾರಿಸಿ ನೋಡಲು ಧೈರ್ಯ ಬರಲಿಲ್ಲ.

ಪ್ರದರ್ಶನದ ದಿನ ಶಾಲೆಯ ಬಯಲಲ್ಲಿ ಶಾಮಿಯಾನಾ ಹಾಕಿದ್ದರು. ದೊಡ್ಡ ಸಾಹೇಬರು ಹಾರ ಹಾಕಿಸಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಅವರು ಹೊರಗಿನವರು, ಮಕ್ಕಳು ಮೇಲೆ ನಿಂತಾಗ ಆಧಾರದ ಕಂಬಿ ಎಲ್ಲಿದೆ ಎಂದು ಕೆಳಗೆ ಹುಡುಕುತ್ತಿದ್ದರು. ಒಂದೊಂದೇ ಮಗು ಹಾರಿತು, ನಿಂತಿತು, ಪೆಟ್ಟಿಗೆ ಕರೆಯಿತು, ಇಳಿಯಿತು. ಕಸ್ತೂರಿಯನ್ನು ಕೊನೆಗೆ ಇಟ್ಟಿದ್ದರು. ಅವಳು ಶಾಮಿಯಾನದ ಹೊರಗೆ ನಿಂತು, ಬೆನ್ನು ಬಿಲ್ಲಿನ ಹಾಗೆ ಬಾಗಿಸಿ ಎದ್ದಳು. ಅಷ್ಟೆತ್ತರ ಅವಳು ಹೋದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಶಾಲೆಯ ಧ್ವಜದ ಹತ್ತಿರ, ತಲೆ ಕೆಳಗಾಗಿ, ಒಂದು ಮಂಡಿ ಮಡಚಿ ನಿಂತಳು. ಮಂದಿಗೆ ಚಪ್ಪಾಳೆ ಮರೆತುಹೋಯಿತು. ಕುಬೇರಪ್ಪ ಹೆಮ್ಮೆಯಿಂದ ಗುಂಡಿ ಒತ್ತಿದ.

ಕಸ್ತೂ ಎಂದಿತು ಪೆಟ್ಟಿಗೆ. ಕಸ್ತೂ, ಕಸ್ತೂ, ಕಸ್ತೂ. ಸೀಡಿ ಅಲ್ಲೇ ಸಿಕ್ಕಿಕೊಂಡಿತ್ತು. ಮೇಲೆ ಹುಡುಗಿ ಒಂದೊಂದು ಸಲಕ್ಕೂ ಒಂದು ಗೇಣು ಜಗ್ಗಿ ಇಳಿಯುವುದು, ನಿಲ್ಲುವುದು, ಜಗ್ಗುವುದು. ತಲೆ ಕೆಳಗೆ. ಮುಖಕ್ಕೆ ರಕ್ತ ಇಳಿದು ಕೆಂಪಾಗಿತ್ತು. ಕುಬೇರಪ್ಪ ಸೀಡಿ ತೆಗೆದು ಅಂಗಿಯ ತುದಿಗೆ ಒರೆಸಿದ, ಹಾಕಿದ, ಈಗ ಅದೂ ಇಲ್ಲ, ಬರೀ ಕರಕರ. ಮತ್ತೆ ಎಳೆದು ತೆಗೆದ. ಸೀಡಿ ಅವನ ಬೆರಳುಗಳಲ್ಲಿ ಚಟ್ ಎಂದಿತು. ಸಾಹೇಬರು ಇದೂ ಆಟದೊಳಗಿನದೇ ಎಂದುಕೊಂಡು ಚಪ್ಪಾಳೆ ತಟ್ಟಿದರು, ಅವರನ್ನು ನೋಡಿ ಮಂದಿಯೂ ತಟ್ಟಿದರು.

ನಾನು ಹಿಂದಿನ ಸಾಲಿನಿಂದ ಕಾಲೆಳೆಯುತ್ತ ಬಂದೆ. ದಾರಿ ಬಿಡದವರನ್ನು ಮೊಣಕೈಯಿಂದ ನೂಕಿದೆ. ಸ್ಪೀಕರಿನ ಮರೆಗೆ ಬಂದು ನಿಂತು ಮೇಲೆ ನೋಡಲಿಲ್ಲ. ನೋಡಿದ್ದರೆ ಸತ್ತೇ ಹೋಗುತ್ತಿದ್ದೆ. ನನ್ನ ಸೀರೆಯ ಅಂಚು ನೋಡಿದೆ. ಬಯಲ ಹುಲ್ಲಿನ ಮುಳ್ಳು ತುಂಬಿದ್ದವು. ಬಿಡಿಸುವವಳು ಅಲ್ಲಿರಲಿಲ್ಲ. ಅವಳು ಅಲ್ಲೇ ಇದ್ದಾಳೆ ಎಂದು ಕರೆದೆ.

ಚಪ್ಪಾಳೆಯ ನಡುವೆ ನನ್ನ ದನಿ ನನಗೇ ಕೇಳಿಸಲಿಲ್ಲ. ಗಾದಿಯ ಮೇಲೆ ಮೆತ್ತಗೆ ಏನೋ ತಾಗಿದ ಸದ್ದು ಕೇಳಿಸಿತು. ತಲೆಯೆತ್ತಿದಾಗ ಕಸ್ತೂರಿ ಎರಡೂ ಪಾದ ಜೋಡಿಸಿ, ಕೈ ಚಾಚಿ ನಿಂತಿದ್ದಳು. ಸಾಹೇಬರು ಎದ್ದು ಹೋಗಿ ಕುಬೇರಪ್ಪನ ಕೈ ಕುಲುಕಿದರು. ಅವನು ಒಡೆದ ಸೀಡಿಯನ್ನು ಬೆನ್ನ ಹಿಂದೆ ಹಿಡಿದು, ಆ ಕಡೆ ಈ ಕಡೆ ನೋಡುತ್ತಿದ್ದ. ಹೇಗೆ ಆಯಿತು ಎಂದು ಅವನಿಗೂ ತಿಳಿದಿರಲಿಲ್ಲ. ಒಡೆಯುವ ಮೊದಲು ಒಂದು ಕರೆ ಬಂದಿರಬೇಕು ಎಂದು ಆಮೇಲೆ ಎಲ್ಲರಿಗೂ ಹೇಳಿದ, ತಾನೂ ನಂಬಿದ.

ಮನೆಗೆ ಬಂದ ಮೇಲೆ ಕಸ್ತೂರಿಯ ಬಾಯಿ ಎಂದೂ ಇಲ್ಲದಷ್ಟು ಬಿಚ್ಚಿತ್ತು. ಕೊರಳಲ್ಲಿ ಸಾಹೇಬರು ಹಾಕಿದ ಪದಕ ಇತ್ತು.

"ಪೆಟ್ಟಿಗಿ ಮೊದಲು ಸಿಕ್ಕೊಂಡ್ತಲ್ಲ ಅತ್ತಿ, ಆಮ್ಯಾಲೆ ಕರೀತು ನೋಡು, ಅಷ್ಟು ಚಲೋ ಎಂದೂ ಕರದಿದ್ದಿಲ್ಲ."

"ಪೆಟ್ಟಿಗಿ ಅಲ್ಲ, ನಾನು," ಎಂದೆ.

ಫಕೀರವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಿಮ್ಮ ದನಿ ನಮಗೆ ಹೊಸದೇನು ಅಕ್ಕಾರ, ಈ ಮನೆಯ ಗೋಡೆಗಳಿಗೂ ಗೊತ್ತು ಎಂದಳು. ತಮ್ಮ ನಗಲಿಲ್ಲ, ಅದು ಹೆಚ್ಚು ಚುಚ್ಚಿತು. ಯಾಕಕ್ಕಾ, ಭಟ್ಟಿಗೆ ಹೋಗಬೇಕಾಗುತ್ತದೆ ಎಂದು ಹೀಗೆ ಹೇಳುತ್ತೀಯಾ ಎಂದ. ನನ್ನ ತಲೆಗೆ ಬೆಂಕಿ ಏರಿತು. ಬಾಯಿಗೆ ಬಂದದ್ದೆಲ್ಲ ಅಂದೆ, ಗಿಂಡಿಯ ಸುದ್ದಿಯನ್ನೂ ಬಿಡಲಿಲ್ಲ. ಫಕೀರವ್ವ ಮೊದಲ ಸಲ ತಿರುಗಿ ಅಂದಳು. ನಮ್ಮ ಗದ್ದಲದಲ್ಲಿ ಕಸ್ತೂರಿ ಎದ್ದು ಅಂಗಳಕ್ಕೆ ಹೋದದ್ದು ಯಾರಿಗೂ ಗೊತ್ತಾಗಲಿಲ್ಲ.

"ಅತ್ತಿ," ಎಂದಳು ಅಲ್ಲಿಂದ. "ನೀನ ಕರದಿದ್ದರ ಈಗ ಕರಿ. ಇವರೂ ಕೇಳ್ಲಿ."

ಅಂಗಳದ ನಡುವೆ ನಿಂತಿದ್ದಳು. ಪಾದ ಜೋಡಿಸಿದ್ದಳು, ಮಂಡಿ ಬಾಗಿಸಿದ್ದಳು, ಕೈಗಳು ಹಿಂದಕ್ಕೆ ಹೋಗಿದ್ದವು. ಆ ಕಣ್ಣುಗಳಲ್ಲಿ ನನ್ನ ಮೇಲೆ ಸಂಶಯ ಇರಲಿಲ್ಲ. ಅದೇ ತೊಂದರೆಯಾಯಿತು. ನನ್ನ ಗಂಟಲಲ್ಲಿ ಆಗ ಇದ್ದದ್ದು ಬೈಗುಳ, ಅದರ ಕೆಳಗೆ ಇನ್ನಷ್ಟು ಬೈಗುಳ. ಹುಬ್ಬು ಗಂಟಿಕ್ಕಿತ್ತು, ಉಸಿರು ಬಿಗಿದಿತ್ತು. ಯಾವ ದನಿ ಬರುತ್ತದೆ ಎಂದು ನನಗೆ ಗೊತ್ತಿತ್ತು. ಸೀಡಿ ಒಡೆದಿದೆ. ಇವಳು ಈಗ ಎದ್ದಳೆಂದರೆ ಗಿರಣಿಯ ತಗಡಿನ ಮೇಲೆ ನಿಲ್ಲುತ್ತಾಳೆ, ಫಕೀರವ್ವ ಏಣಿ ಹಚ್ಚಿ ಉಣಿಸುತ್ತಾಳೆ, ಗಾಳಿಗಾಲಕ್ಕೆ ಸೊಂಟಕ್ಕೆ ಹಗ್ಗ.

ನೆಲದವಳು ಅಷ್ಟು ಬೇಗ ಅಂಗಳ ದಾಟಿದ್ದು ಹೇಗೋ. ಬಿದ್ದು, ಅವಳ ಎರಡೂ ಪಾದಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಹಾರಬ್ಯಾಡ," ಎಂದೆ. "ಪೆಟ್ಟಿಗೀನ ಕರದದ್ದು. ನಾ ಸುಳ್ಳು ಹೇಳಿದೆ."

ಅವಳು ನಿಧಾನವಾಗಿ ಮಂಡಿ ನೆಟ್ಟಗೆ ಮಾಡಿದಳು. ನನ್ನ ಕೈ ಬಿಡಿಸಿಕೊಳ್ಳಲಿಲ್ಲ. ಬಾಗಿ, ನನ್ನ ಸೀರೆಯ ಅಂಚಿನ ಮುಳ್ಳನ್ನೂ ಬಿಡಿಸಲಿಲ್ಲ. ಹೆಬ್ಬಾಗಿಲಲ್ಲಿ ಫಕೀರವ್ವ ಗೆದ್ದವಳ ಹಾಗೆ ನಿಂತಿದ್ದಳು. ಆಮೇಲೆ ಒಡೆದ ಸೀಡಿಯ ನೆನಪಾಗಿ ಅವಳ ಮುಖ ಇಳಿಯಿತು.

ಕುಬೇರಪ್ಪ ಕ್ಯಾಮರಾ ತಂದು ಮತ್ತೆ ನನ್ನ ಕರೆ ಹಿಡಿಯಲು ನೋಡಿದ. ಹಿಡಿದ. ಹೊಸ ಸೀಡಿ ಆಯಿತು. ಅದು ಹಳೆಯದರ ಹಾಗಿದೆ ಎಂದು ಅವನು, ಇಲ್ಲ ಎಂದು ಈರಬಸಪ್ಪ. ಹೌದೋ ಅಲ್ಲವೋ ತಿಳಿಯಬೇಕಾದರೆ ಹುಡುಗಿ ಮೇಲೆ ಹೋಗಬೇಕು. ಮೇಲೆ ಹೋಗಿ ಅಲ್ಲ ಎಂದಾದರೆ ಇಳಿಸುವವರು ಯಾರು. ತಮ್ಮ ಮಗಳನ್ನು ಹಾರಲು ಬಿಡಲಿಲ್ಲ. ಅವನ ಜಾಗದಲ್ಲಿದ್ದರೆ ನಾನೂ ಬಿಡುತ್ತಿರಲಿಲ್ಲ. ಉಳಿದ ಮಕ್ಕಳ ಅತ್ತೆಯರು ಹೆದರಿ ಮತ್ತೆ ಮೊರ ಹಿಡಿದು ಗೋಡೆಯ ಪಕ್ಕ ಹೋಗಿ ಕೂತರು. ಆದರೆ ಪೆಟ್ಟಿಗೆಗೆ ಒಗ್ಗಿದ ಮಕ್ಕಳನ್ನು ಹಾರಿಸುವ ಧೈರ್ಯ ಯಾರಿಗೂ ಬರಲಿಲ್ಲ. ಒಂದು ತಿಂಗಳಲ್ಲಿ ಗಾದಿಗಳನ್ನು ಸುತ್ತಿ ಮೂಲೆಗಿಟ್ಟರು. ಕುಬೇರಪ್ಪ ಈಗ ಮತ್ತೆ ಕೈ ಮೇಲೆ, ಕೈ ಕೆಳಗೆ ಮಾಡಿಸುತ್ತಾನೆ.

ನನ್ನನ್ನು ಭಟ್ಟಿಗೆ ಕಳಿಸಲಿಲ್ಲ. ಮನೆಯಲ್ಲಿ ನೆಲದ ಹುಡುಗಿ ಇದ್ದಾಳೆ, ಹೇಗೆ ನಡೆಯಬೇಕು, ಹೇಗೆ ಮೆಟ್ಟಿಲು ಇಳಿಯಬೇಕು, ಯಾರಾದರೂ ಬೆನ್ನ ಹಿಂದೆ ಪಟಾಕಿ ಹಚ್ಚಿದರೆ ಬೆಚ್ಚದೆ ಹೇಗೆ ನಿಲ್ಲಬೇಕು ಎಂದು ಕಲಿಸುವವಳು ಬೇಕು. ಫಕೀರವ್ವ ತಾನೇ ನನಗೆ ಹೊತ್ತಿಗೆ ಸರಿಯಾಗಿ ತಾಟು ಇಡುತ್ತಾಳೆ, ರೊಟ್ಟಿಗೆ ಎಣ್ಣೆ ಹಚ್ಚಿಯೇ ಇಡುತ್ತಾಳೆ. ಅಟ್ಟದಲ್ಲಿ ನನ್ನ ಹಳೆಯ ಚಿಕ್ಕ ಚಪ್ಪಲಿ ಇದ್ದವು. ಮೋಚಿ ಹೆಬ್ಬೆರಳಿಗೆ ಹೊಸ ಉಂಗುಷ್ಟ ಹಾಕಿಕೊಟ್ಟ. ಕಸ್ತೂರಿಗೆ ಸರಿಯಾಗಿ ಹಿಡಿಸಿದವು.

ಸಂಜೆ ಇಬ್ಬರೂ ಓಣಿಯಲ್ಲಿ ನಡೆಯುತ್ತೇವೆ. ಅವಳು ಮುಂದೆ, ನಾನು ಹಿಂದೆ. ಶಾಲೆಯ ಹತ್ತಿರ ಬಂದಾಗ ಅವಳು ಗವಾಕ್ಷಿಯ ಕಡೆ ನೋಡುವುದಿಲ್ಲ. ನಾನು ಅವಳ ಹಿಮ್ಮಡಿಗಳನ್ನು ನೋಡುತ್ತ, ತಲೆ ತಗ್ಗಿಸಿಕೊಂಡೇ ಬರುತ್ತೇನೆ. ಹಾಗೆ ಬರುವಾಗ ಕೆಲವು ದಿನ, ನಾನು ಕೇಳದೆಯೇ, ಆ ದನಿ ಬಂದುಬಿಡುತ್ತದೆ. ಪರದೆಯಲ್ಲಿದ್ದದ್ದೇ, ಒಂದು ಕೂದಲೂ ಆಚೀಚೆ ಇಲ್ಲದ್ದು.

"ಕಸ್ತೂರೀ."

ಅವಳು ನಿಂತು ತಿರುಗುತ್ತಾಳೆ. "ಏನತ್ತಿ?"

"ಏನಿಲ್ಲ," ಎನ್ನುತ್ತೇನೆ. "ಹಿಮ್ಮಡ ಎತ್ತಬ್ಯಾಡ, ಎಳದು ನಡಿ."